ಮನೆಗೆ ವಾರಂಟ್ ಬೇಕು, ಮೊಬೈಲಿಗೆ?

"ಅತ್ತೆ, ಫೋನ್ ಕೇಳಿದ್ರು, ಕೊಟ್ಬಿಟ್ಟೆ. ಇನ್ನೇನ್ ಮಾಡ್ಲಿ?" ಅಂದ ನಮ್ಮಣ್ಣನ ಮಗ. ರಾತ್ರಿ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದವನನ್ನು ಪೊಲೀಸರು ನಿಲ್ಲಿಸಿ, ಲಾಕ್ ತೆಗೆಸಿ, ವಾಟ್ಸಾಪ್ ಮೆಸೇಜುಗಳನ್ನೆಲ್ಲ ಓದಿ ವಾಪಸ್ ಕೊಟ್ಟರಂತೆ. ಕೇಸಿಲ್ಲ, ದೂರಿಲ್ಲ. ನಿಶ್ಚಯವಾದ ಹುಡುಗಿಗೆ ಕಳಿಸಿದ್ದೂ ಅದರಲ್ಲೇ ಇತ್ತು. ಅವನಿಗೆ ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ.

ಮನೆ ಶೋಧಿಸಬೇಕಾದರೆ ಸಾಮಾನ್ಯವಾಗಿ ವಾರಂಟ್ ಬೇಕು. ತುರ್ತಿದ್ದರೆ ಕಾರಣ ಬರೆದಿಡಬೇಕು. ಇಬ್ಬರು ಪಂಚರ ಎದುರಲ್ಲೇ ಹುಡುಕಿ, ಸಿಕ್ಕಿದ್ದರ ಪಟ್ಟಿ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಡಿಯೊ ಚಿತ್ರೀಕರಣವನ್ನೂ ಕಡ್ಡಾಯ ಮಾಡಿದೆ.

ಇದೆಲ್ಲ ಕಾಯ್ದೆ ಕೊಟ್ಟ ರಕ್ಷಣೆ. ಸಂವಿಧಾನದ ಕಥೆ ಬೇರೆ. ಅಕಾರಣ ಶೋಧದ ವಿರುದ್ಧ ಅಮೆರಿಕದ ಸಂವಿಧಾನದ 4ನೇ ತಿದ್ದುಪಡಿಯಲ್ಲಿರುವಂಥ ಮಾತು ನಮ್ಮಲ್ಲೂ ಸೇರಲಿ ಎಂಬ ಸಲಹೆ ಸಂವಿಧಾನ ಸಭೆಯಲ್ಲಿ ಬಂದಿತ್ತು, ಕೊನೆಗೆ ಉಳಿಯಲಿಲ್ಲ. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 8 ನ್ಯಾಯಮೂರ್ತಿಗಳು, ಸಂವಿಧಾನದಲ್ಲೇ ಇಲ್ಲದ್ದನ್ನು ನಾವು ತಂದು ಸೇರಿಸಲಾಗದು ಎಂಬರ್ಥದಲ್ಲಿ ಹೇಳಿಬಿಟ್ಟರು. ಅದು ಬದಲಾಗಲು 63 ವರ್ಷ ಹಿಡಿಯಿತು. ಅದಕ್ಕೆ ಕಾರಣರಾದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ! ಆ ವಯಸ್ಸಿಗೆ ನಾವಾದರೆ ಪೇಪರ್ ಓದಿ ಗೊಣಗಿ ಸುಮ್ಮನಾಗುತ್ತಿದ್ದೆವು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು.

ಮೊಬೈಲಿನ ಮಾತು ಬಂದಿದ್ದೂ ನಮ್ಮ ಹೈಕೋರ್ಟಿನಲ್ಲೇ. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ, ಸ್ಮಾರ್ಟ್‌ಫೋನ್ ಶೋಧಕ್ಕೂ ವಾರಂಟ್ ಬೇಕು, ತುರ್ತಾದರೆ ಕಾರಣ ಬರೆದಿಡಬೇಕು ಎಂದಿತು. ಅಂದರೆ ನಮ್ಮ ಹುಡುಗನಿಗೆ ಕೇಳುವ ಹಕ್ಕಿತ್ತು. ರಾತ್ರಿ ಹನ್ನೊಂದಕ್ಕೆ, ಒಬ್ಬನೇ ನಿಂತು "ವಾರಂಟ್ ಇದೆಯಾ ಸಾರ್?" ಅನ್ನೋಕೆ ಎಷ್ಟು ಜನಕ್ಕೆ ಬಾಯಿ ಬರುತ್ತೆ ಹೇಳಿ?

ಸೋರಿಕೆ ಇನ್ನೊಂದು ಕಡೆಯೂ ಇದೆ. ಶೋಧ ನಿಯಮ ಮೀರಿ ನಡೆದಿದ್ದರೂ ಸಿಕ್ಕಿದ ಸಾಕ್ಷ್ಯವನ್ನು ಅದೊಂದೇ ಕಾರಣಕ್ಕೆ ತಳ್ಳಿಹಾಕಬೇಕಿಲ್ಲ ಎಂದು 1973ರ ಪೂರಣ್‌ಮಲ್ ತೀರ್ಪು ಹೇಳಿದೆ. ಮತ್ತೆ ನಿಯಮ ಪಾಲಿಸುವ ಗರಜು ಯಾರಿಗಿರುತ್ತೆ? ಮೇಲಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ, ಶೋಧದ ವೇಳೆ ಪಾಸ್‌ವರ್ಡ್ ಸಿಗದಿದ್ದರೆ ಅದನ್ನು ಮೀರಿ ಇಮೇಲ್, ಸೋಷಿಯಲ್ ಮೀಡಿಯಾ ಖಾತೆ ತೆರೆಯುವ ಅಧಿಕಾರ ಕೊಟ್ಟಿದೆ.

ಈಗ ಹುಡುಗ ಆಫೀಸಿನಿಂದ ಹೊರಡುವ ಮುಂಚೆ ಮೆಸೇಜು ಅಳಿಸ್ತಾನಂತೆ. "ತಪ್ಪು ಮಾಡಿಲ್ವಲ್ಲೋ, ಭಯ ಯಾಕೆ?" ಅಂದೆ. "ಭಯ ಅಲ್ಲತ್ತೆ, ಅವಳು ಬರೆದಿದ್ದೂ ಇರುತ್ತಲ್ಲ" ಅಂದ.