ಮೂರು ಅಂತಸ್ತಿನ ಸ್ಟ್ರಾಬೆರಿ ಕೇಕು

ಕೇಕು ಎಂಬ ತಿನಿಸನ್ನು ನಗರದಲ್ಲಿ ಈಗ ಕಾಣದವರಿಲ್ಲ. ಆದರೆ ಅದು ಏತರಿಂದ ಉಬ್ಬುತ್ತದೆ, ಅದರ ಮೇಲಿನ ಕೆನೆ ಕರಗದೆ ಹೇಗೆ ನಿಲ್ಲುತ್ತದೆ, ಒಮ್ಮೊಮ್ಮೆ ನಡು ಕುಸಿದು ಗುಳಿ ಬೀಳುವುದು ಏಕೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಅಂಗಡಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುವ ವಸ್ತುವಿನ ಹುಟ್ಟನ್ನು ನಾವು ಯಾರೂ ವಿಚಾರಿಸುವುದಿಲ್ಲ. ಮನೆಯಲ್ಲಿಯೇ ಮಾಡಬೇಕಾಗಿ ಬಂದಾಗ ಮಾತ್ರ ವಿಚಾರಿಸದೆ ಗತ್ಯಂತರವಿರುವುದಿಲ್ಲ.

ಸನತ್‌ನಗರದ ನಮ್ಮ ಮನೆಯಲ್ಲಿ ಅಂತಹ ಸಂದರ್ಭವೊಂದು ಒದಗಿತು. ಅಜ್ಜಿಯವರಿಗೆ ಸಹಸ್ರಚಂದ್ರ ದರ್ಶನ. ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ನಡೆಸುವ ಶಾಂತಿ ಇದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29½ ದಿನ. ಸಾವಿರಕ್ಕೆ ಗುಣಿಸಿ ವರ್ಷಗಳನ್ನು ಮಾಡಿ ನೋಡಿದರೆ ಎಂಬತ್ತು ವರ್ಷ ಹತ್ತು ತಿಂಗಳಾಗುತ್ತದೆ. ಬೆಳಿಗ್ಗೆ ಹೋಮ, ಮಧ್ಯಾಹ್ನ ಹೋಳಿಗೆಯ ಊಟ, ಇವೆರಡೂ ನಿಶ್ಚಯವಾಗಿದ್ದವು. ಸಂಜೆಗೆ ಕೇಕು ಬೇಕೆಂದು ಕೇಳಿದವರು ಮನೆಯ ಮಕ್ಕಳು. ಅಲ್ಲಿಯೇ ತೊಡಕು. ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದ ಅಜ್ಜಿಯವರು ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಯಾರ ಹೆಸರಿನಲ್ಲಿ ಕೇಕು ಕತ್ತರಿಸುವರೋ ಅವರೇ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕುಳಿತಿದ್ದರೆ ಅದೆಂತಹ ಸಂಭ್ರಮ? ಆದಕಾರಣ ಮೊಟ್ಟೆಯಿಲ್ಲದ ಕೇಕನ್ನು ಮನೆಯಲ್ಲಿಯೇ ಮಾಡುವುದೆಂದು ತೀರ್ಮಾನವಾಯಿತು.

ಮೊಟ್ಟೆಯನ್ನು ಬಿಡುವುದು ಸುಲಭವಲ್ಲ. ಕೇಕಿನಲ್ಲಿ ಅದು ಮೂರು ಕೆಲಸಗಳನ್ನು ಮಾಡುತ್ತದೆ. ಕಡೆದಾಗ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಣ್ಣೆಯೂ ನೀರೂ ಬೇರ್ಪಡದಂತೆ ಬೆಸೆಯುತ್ತದೆ. ಬೆಂದಾಗ ಗಟ್ಟಿಯಾಗಿ ಕೇಕಿಗೆ ಎಲುಬಿನಂತೆ ನಿಲ್ಲುತ್ತದೆ. ಅದನ್ನು ತೆಗೆದುಹಾಕಿದ ಮೇಲೆ ಈ ಕೆಲಸಗಳನ್ನು ಬೇರೆ ಯಾರಾದರೂ ವಹಿಸಿಕೊಳ್ಳಬೇಕಷ್ಟೆ. ಕನ್ನಡನಾಡಿನಲ್ಲಿ ಈ ಪ್ರಶ್ನೆ ಹೊಸದೇನೂ ಅಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಮನೆತನದವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ತೆರೆದರು. ಮೊಟ್ಟೆಯ ನೆರವಿಲ್ಲದೆ ಬ್ರೆಡ್ಡು, ಬನ್ನು, ಕೇಕುಗಳನ್ನು ಮಾಡುವ ಅಯ್ಯಂಗಾರ್ ಬೇಕರಿಗಳ ಪರಂಪರೆ ಇಂದು ಊರೂರಿಗೂ ಹಬ್ಬಿದೆ. ಮಡಿವಂತರ ಮನೆಯವರೂ ಸಂಕೋಚವಿಲ್ಲದೆ ಕೊಂಡು ತಿನ್ನುವಂತಾದುದು ಅವರಿಂದಲೇ.

ನಮ್ಮ ಮನೆಯಲ್ಲಿ ಮೊಟ್ಟೆಯ ಸ್ಥಾನವನ್ನು ತುಂಬಿದ್ದು ಮೊಸರು. ಒಂದು ಬಟ್ಟಲು ಗಟ್ಟಿಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆ ಹಾಕಿ ಕರಗುವವರೆಗೂ ಕಲಸಬೇಕು. ಬಳಿಕ ಒಂದೂಕಾಲು ಟೀ ಚಮಚ ಬೇಕಿಂಗ್ ಪುಡಿ, ಅರ್ಧ ಟೀ ಚಮಚ ಅಡಿಗೆ ಸೋಡ. ಇವನ್ನು ಹಾಕಿ ಐದು ನಿಮಿಷ ಸುಮ್ಮನಿರಬೇಕು. ಆಗ ಕಾಣುವ ನೋಟವನ್ನು ನೀವು ತಪ್ಪದೆ ನೋಡಬೇಕು: ಮೊಸರು ಗುಳ್ಳೆಗುಳ್ಳೆಯಾಗಿ ಏರಿಬರುತ್ತದೆ. ಮೊಸರಿನ ಹುಳಿ ಎಂದರೆ ಲ್ಯಾಕ್ಟಿಕ್ ಆಮ್ಲ. ಅಡಿಗೆ ಸೋಡ ಕ್ಷಾರ. ಇವೆರಡೂ ಸೇರಿದೊಡನೆ ಇಂಗಾಲದ ಡೈಆಕ್ಸೈಡು ಹೊರಡುತ್ತದೆ. ಇಡ್ಲಿಯ ಹಿಟ್ಟು ರಾತ್ರಿಯೆಲ್ಲಾ ಹುದುಗಿ ಉಬ್ಬುವುದೂ ಬಹುಮಟ್ಟಿಗೆ ಇದೇ ಅನಿಲದಿಂದ. ಅಲ್ಲಿ ಸೂಕ್ಷ್ಮಜೀವಿಗಳು ಹಲವು ಗಂಟೆಗಳ ಕಾಲ ಮಾಡುವ ಕೆಲಸವನ್ನು ಇಲ್ಲಿ ಸೋಡ ಐದು ನಿಮಿಷದಲ್ಲಿ ಮಾಡುತ್ತದೆ. ಸೋಡ ಹೆಚ್ಚಾದರೆ ಇನ್ನೂ ಚೆನ್ನಾಗಿ ಉಬ್ಬೀತೆಂದು ಭಾವಿಸಬಾರದು. ಹುಳಿಗೆ ಮೀರಿ ಉಳಿದ ಸೋಡ ಸಾಬೂನಿನ ರುಚಿಯನ್ನು ಕೊಡುತ್ತದೆ.

ಗುಳ್ಳೆಯೆದ್ದ ಮೊಸರಿಗೆ ಅರ್ಧ ಬಟ್ಟಲು ವಾಸನೆಯಿಲ್ಲದ ಎಣ್ಣೆ, ಒಂದು ಚಮಚ ವೆನಿಲ್ಲಾ ಸಾರ, ಆಮೇಲೆ ಜರಡಿ ಹಿಡಿದ ಒಂದೂವರೆ ಬಟ್ಟಲು ಮೈದಾ. ಮೈದಾವನ್ನು ಎರಡು ಮೂರು ಸಲವಾಗಿ ಹಾಕಿ ಹಗುರವಾದ ಕೈಯಿಂದ ಬೆರೆಸಬೇಕು. ಚಪಾತಿಯ ಹಿಟ್ಟನ್ನು ನಾದುವ ಉತ್ಸಾಹ ಇಲ್ಲಿ ಸಲ್ಲದು. ಮೈದಾಕ್ಕೆ ನೀರು ತಗುಲಿ ನಾದಿದಂತೆಲ್ಲಾ ಅದರಲ್ಲಿ ಗ್ಲೂಟೆನ್ ಎಂಬ ಅಂಟುನಾರು ಬೆಳೆಯುತ್ತದೆ. ಚಪಾತಿಗೆ ಅದು ಗುಣ, ಕೇಕಿಗೆ ದೋಷ. ಒಣಹಿಟ್ಟು ಕಾಣದಾಯಿತೆಂದೊಡನೆ ಕೈ ತೆಗೆಯಬೇಕು. ಹದಿನೆಂಟು ಸೆಂಟಿಮೀಟರು ಅಗಲದ ದುಂಡು ತಗಡಿನ ಪಾತ್ರೆಗೆ ಎಣ್ಣೆ ಸವರಿ, ತಳಕ್ಕೆ ಕಾಗದ ಹಾಸಿ, ಹಿಟ್ಟನ್ನು ಸುರಿದು, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮೂವತ್ತೈದರಿಂದ ನಲವತ್ತು ನಿಮಿಷ ಬೇಯಿಸಬೇಕು. ಓವನ್ನಿಲ್ಲದ ಮನೆಗಳಲ್ಲಿ ದಪ್ಪ ತಳದ ಪಾತ್ರೆಗೆ ಮರಳು ಹಾಸಿ ಒಲೆಯ ಮೇಲಿಟ್ಟು ಬೇಯಿಸುವುದೂ ಉಂಟು; ವೇಳೆ ಹೆಚ್ಚು ಬೇಕು, ಅಷ್ಟೆ.

ಇಲ್ಲಿ ಮಕ್ಕಳಿಗೆ ತಡೆಯುವುದು ಕಷ್ಟವಾದ ಮಾತೊಂದಿದೆ. ಮೊದಲ ಅರ್ಧ ಗಂಟೆ ಓವನ್ನಿನ ಬಾಗಿಲನ್ನು ತೆರೆಯಕೂಡದು. ಶಾಖಕ್ಕೆ ಅನಿಲ ಹಿಗ್ಗಿ ಹಿಟ್ಟನ್ನು ಮೇಲಕ್ಕೆತ್ತಿರುತ್ತದೆ, ಆದರೆ ಮೈದಾದ ಪಿಷ್ಟ ಇನ್ನೂ ಬೆಂದು ಗಟ್ಟಿಯಾಗಿರುವುದಿಲ್ಲ. ಆಗ ತಣ್ಣನೆಯ ಗಾಳಿ ಒಳನುಗ್ಗಿದರೆ ಅನಿಲ ಕುಗ್ಗುತ್ತದೆ, ಆಧಾರವಿಲ್ಲದ ಹಿಟ್ಟು ಅದರೊಡನೆ ಕುಸಿಯುತ್ತದೆ. ನಡುವಿನ ಗುಳಿಗೆ ಮುಖ್ಯ ಕಾರಣ ಇದೇ. ತೆಳುವಾದ ಕಡ್ಡಿಯೊಂದನ್ನು ಮಧ್ಯಕ್ಕೆ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿತೆಂದು ತಿಳಿಯಬೇಕು.

ಇನ್ನು ಹಣ್ಣಿನ ವಿಚಾರ. ಸ್ಟ್ರಾಬೆರಿ ಗುಲಾಬಿಯ ಕುಲಕ್ಕೆ ಸೇರಿದ ಗಿಡ. ಇಂದು ನಾವು ತಿನ್ನುವ ದೊಡ್ಡ ಹಣ್ಣು ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಫ್ರೆಂಚ್ ಸೇನೆಯ ಇಂಜಿನಿಯರ್ ಫ್ರೆಜ಼ಿಯೇ ಎಂಬಾತ ಕೋಟೆಗಳನ್ನು ನೋಡಿಬರಲೆಂದು ದಕ್ಷಿಣ ಅಮೆರಿಕಕ್ಕೆ ಹೋಗಿದ್ದವನು 1714ರಲ್ಲಿ ಮರಳುವಾಗ ಚಿಲಿ ದೇಶದ ಸ್ಟ್ರಾಬೆರಿ ಗಿಡಗಳನ್ನು ಹಡಗಿನಲ್ಲಿ ತಂದನು. ದಪ್ಪ ಹಣ್ಣಿನ ಆಸೆಯಿಂದ ತಂದ ಆ ಗಿಡಗಳು ಹೆಣ್ಣು ಹೂಗಳನ್ನು ಮಾತ್ರ ಬಿಡುತ್ತಿದ್ದುವಾಗಿ ಒಂಟಿಯಾಗಿ ಫಲ ಕೊಡಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯನ್ನು ಪಕ್ಕದಲ್ಲಿ ನೆಟ್ಟಾಗ ಪರಾಗ ದೊರೆತು ಹಣ್ಣು ಬಿಟ್ಟಿತು. ಆ ಬೆರಕೆಯೇ ಇಂದಿನ ಸ್ಟ್ರಾಬೆರಿಯ ಮೂಲ. ಡ್ಯುಶೆನ್ ಎಂಬ ಸಸ್ಯಶಾಸ್ತ್ರಜ್ಞನು 1766ರಲ್ಲಿ ಈ ಬೆರಕೆಯ ಗುಟ್ಟನ್ನು ಬರೆದಿಟ್ಟನು. ಎರಡು ಅಮೆರಿಕಗಳ ಗಿಡಗಳು ಮೂರನೆಯ ಖಂಡದಲ್ಲಿ ಸಂಧಿಸಿದ ಫಲ ಇದು.

ಹಣ್ಣಿನ ಮೈಮೇಲೆ ಬೀಜಗಳಂತೆ ಕಾಣುವ ಚುಕ್ಕೆಗಳಿವೆಯಷ್ಟೆ. ಶಾಸ್ತ್ರರೀತ್ಯಾ ಅವೊಂದೊಂದೂ ಒಂದೊಂದು ಹಣ್ಣು; ನಾವು ಹಣ್ಣೆಂದು ತಿನ್ನುವ ಕೆಂಪು ತಿರುಳು ಹೂವಿನ ಪೀಠ ಉಬ್ಬಿದ್ದು. ಕರಾವಳಿಯ ಗೇರುಹಣ್ಣೂ ಹೀಗೆಯೇ ಅಲ್ಲವೇ? ಅಲ್ಲಿಯೂ ನಿಜವಾದ ಫಲ ತುದಿಯಲ್ಲಿ ತೂಗುವ ಬೀಜದ ಕಾಯಿ. ರಸದ ಹಣ್ಣು ಬರಿಯ ತೊಟ್ಟು.

ನಮ್ಮ ದೇಶದಲ್ಲಿ ಈ ಬೆಳೆಯ ತವರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮಹಾಬಲೇಶ್ವರ, ಪಂಚಗನಿಗಳ ಬೆಟ್ಟದ ತಂಪು. ಇಂಗ್ಲಿಷರ ಕಾಲದಲ್ಲಿ ಅಲ್ಲಿಗೆ ಬಂದ ಈ ಹಣ್ಣಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ಹಣ್ಣಿನ ಕಾಲ. ಅಲ್ಲಿಂದ ಹೈದರಾಬಾದಿಗೆ ಸುಮಾರು 600 ಕಿಲೋಮೀಟರು. ಕೃಷ್ಣಾನದಿ ಹುಟ್ಟುವುದೂ ಅದೇ ಮಹಾಬಲೇಶ್ವರದಲ್ಲಿ. ಅದು ನಮ್ಮ ವಿಜಯಪುರ, ಬಾಗಲಕೋಟೆ, ರಾಯಚೂರುಗಳನ್ನು ಹಾದು ತೆಲಂಗಾಣಕ್ಕಿಳಿಯುತ್ತದೆ. 2004ರಿಂದ ನಾಗಾರ್ಜುನಸಾಗರದ ಕಡೆಯಿಂದ ಕೊಳವೆಗಳಲ್ಲಿ ಹೈದರಾಬಾದಿಗೂ ಬರುತ್ತಿದೆ. ಇದನ್ನು ಹೇಳಿದಾಗ ಅಜ್ಜಿಯವರು, “ಹಂಗಾದ್ರ ನಮ್ಮ ಹೊಳಿ ಹುಟ್ಟೋ ಊರಿನ ಹಣ್ಣು ಅನ್ನು” ಎಂದರು. ಅಲ್ಲಿಯವರೆಗೆ ಅವರಿಗೆ ಅದು ಹೆಸರು ಹೊರಳದ ಪರದೇಶಿ ಹಣ್ಣಾಗಿತ್ತು.

ಕೊಳ್ಳುವಾಗ ತೊಟ್ಟಿನವರೆಗೂ ಕೆಂಪಾದುದನ್ನೇ ಆರಿಸಬೇಕು. ಮಾವು ಬಾಳೆಗಳಂತೆ ಸ್ಟ್ರಾಬೆರಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಬೆಳ್ಳಗಿದ್ದ ಭಾಗ ಕೆಂಪೇರಿದರೂ ಸಿಹಿಯಾಗದು. ತೊಟ್ಟು ಕೀಳುವ ಮೊದಲೇ ತೊಳೆದು ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು, ಇಲ್ಲವಾದರೆ ಗಾಯದ ಬಾಯಿಂದ ನೀರು ಒಳಸೇರುತ್ತದೆ. ಹಣ್ಣಿನ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಮಿಕ್ಕಿ ನೀರೇ ಇದೆ. ಈ ನೀರೇ ಕೇಕಿನ ಶತ್ರು.

ಹಾಗಿದ್ದರೆ ಹಣ್ಣನ್ನು ಹಿಟ್ಟಿನಲ್ಲಿಯೇ ಕಲಸಿ ಬೇಯಿಸಬಾರದೇಕೆ? ನಮ್ಮಲ್ಲಿಯೂ ಆ ಸಲಹೆ ಬಂದಿತ್ತು. ಬೇಡವೆನ್ನಲು ಬಣ್ಣವೇ ಕಾರಣ. ಸ್ಟ್ರಾಬೆರಿಯ ಕೆಂಪು ಆಂಥೋಸಯನಿನ್ ಎಂಬ ಜಾತಿಯ ವರ್ಣದ್ರವ್ಯ. ಹುಳಿಯಲ್ಲಿ ಅದು ಕೆಂಪಾಗಿರುತ್ತದೆ. ಸೋಡದಂತಹ ಕ್ಷಾರ ತಗುಲಿದರೆ ಕಂದಿ ನೀಲಿಗಪ್ಪಿಗೆ ತಿರುಗುತ್ತದೆ. ನಿಮ್ಮ ವಿಜ್ಞಾನದ ಕೊಠಡಿಯ ಲಿಟ್ಮಸ್ ಕಾಗದವೂ ಇದೇ ಸ್ವಭಾವದ್ದು. ಒಂದು ಹಣ್ಣಿನ ಹೋಳಿಗೆ ಚಿಟಿಕೆ ಸೋಡ ಉದುರಿಸಿ ನೋಡಿದರೆ ಪುಸ್ತಕವಿಲ್ಲದೆಯೇ ಪಾಠವಾಗುತ್ತದೆ. ಆದುದರಿಂದ ಹಣ್ಣಿನ ಸ್ಥಾನ ಪದರಗಳ ನಡುವೆ, ಮತ್ತು ಮೇಲೆ.

ಅರ್ಧ ಕಿಲೋ ಹಣ್ಣಿನಲ್ಲಿ ಅರ್ಧವನ್ನು ಹೋಳು ಮಾಡಿ ಎರಡು ಚಮಚ ಸಕ್ಕರೆ ಬೆರೆಸಿ ಅರ್ಧ ಗಂಟೆ ಇಡಬೇಕು. ಉಪ್ಪಿನಕಾಯಿಗೆ ಉಪ್ಪು ಹಾಕಿದಾಗ ನೀರು ಬಿಡುವಂತೆ ಇಲ್ಲಿಯೂ ರಸ ಹೊರಬರುತ್ತದೆ. ಆ ರಸವನ್ನು ಬಸಿದು ತೆಗೆದಿರಿಸಬೇಕು. ಹೀಗೆ ಮುಂಚಿತವಾಗಿಯೇ ನೀರನ್ನು ಸೆಳೆದುಬಿಟ್ಟರೆ ಅದು ಆಮೇಲೆ ಕೆನೆಯೊಳಗೆ ಹರಿದು ಪದರಗಳನ್ನು ಜಾರಿಸುವುದಿಲ್ಲ. ಬಸಿದ ರಸ ವ್ಯರ್ಥವೂ ಅಲ್ಲ: ಅರ್ಧವನ್ನು ಕೇಕಿನ ಪದರಗಳಿಗೆ ಚಿಮುಕಿಸಬಹುದು. ಉಳಿದರ್ಧಕ್ಕೆ ಚಿಟಿಕೆ ಮುಸುಕಿನ ಜೋಳದ ಪಿಷ್ಟ ಹಾಕಿ ಕಾಯಿಸಿ ಆರಿಸಿದರೆ ಹಣ್ಣಿಗೆ ಸವರುವ ಹೊಳಪು ಸಿದ್ಧ. ಅಂಗಡಿಯ ಕೆಲವು ಕೇಕುಗಳ ಹೊಳಪಿಗೆ ಜೆಲಟಿನ್ ಬಳಸುವುದುಂಟು. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ವಸ್ತು ಅದು. ಮೊಟ್ಟೆಯನ್ನು ಬಿಟ್ಟು ಇದನ್ನು ಸೇರಿಸಿದರೆ ಅಜ್ಜಿಯವರಿಗೆ ಮಾಡಿದ ಮೋಸವೇ ಆಗುತ್ತಿತ್ತು.

ಕೆನೆಯ ಕೆಲಸ ನಮ್ಮ ಅಜ್ಜಿಯಂದಿರಿಗೆ ಅರ್ಧ ಗೊತ್ತಿರುವುದೇ. ಕಡೆಗೋಲಿನಿಂದ ಕೆನೆಯನ್ನು ಕಡೆದರೆ ಬೆಣ್ಣೆ ಬರುತ್ತದೆ. ಬೆಣ್ಣೆಯಾಗುವುದಕ್ಕೆ ತುಸು ಮುಂಚೆ ನಿಲ್ಲಿಸಿದರೆ ದೊರೆಯುವುದೇ ಕೇಕಿನ ನೊರೆಗೆನೆ. ಕಡೆಯುವಾಗ ಗಾಳಿಯ ಗುಳ್ಳೆಗಳು ಒಳಸೇರುತ್ತವೆ, ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿ ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಗೋಡೆ ನಿಲ್ಲಬೇಕಾದರೆ ಎರಡು ಅಗತ್ಯ. ಒಂದು, ಕೊಬ್ಬು ಸಾಕಷ್ಟಿರಬೇಕು. ಶೇಕಡ ಮೂವತ್ತಕ್ಕಿಂತ ಕಡಮೆಯಾದರೆ ನಿಲ್ಲದು. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಕ್ಕುವ ಪೊಟ್ಟಣದ ಕೆನೆಯಲ್ಲಿ ಶೇಕಡ 25ರಷ್ಟಿರುತ್ತದೆ, ಅದನ್ನು ಎಷ್ಟು ಕಡೆದರೂ ಶ್ರಮ ವ್ಯರ್ಥ. ಇನ್ನೊಂದು, ಕೊಬ್ಬು ತಣ್ಣಗಿದ್ದು ಗಟ್ಟಿಯಾಗಿರಬೇಕು. ಕೆನೆ, ಪಾತ್ರೆ, ಕಡೆಯುವ ಉಪಕರಣ ಮೂರನ್ನೂ ರೆಫ್ರಿಜರೇಟರಿನಲ್ಲಿಟ್ಟು ತಣಿಸಿಯೇ ಕೆಲಸಕ್ಕೆ ತೊಡಗಬೇಕು. ನಾನೂರು ಮಿಲಿಲೀಟರು ಕೆನೆಗೆ ಮೂರು ನಾಲ್ಕು ಚಮಚ ಪುಡಿ ಸಕ್ಕರೆ ಸಾಕು.

ರೆಫ್ರಿಜರೇಟರಿನ ಮಾತು ಬಂದುದರಿಂದ ನಮ್ಮ ಬಡಾವಣೆಯ ಬಗ್ಗೆ ಒಂದೆರಡು ಮಾತು. ಉರ್ದುವಿನಲ್ಲಿ ಸನಅತ್ ಎಂದರೆ ಕೈಗಾರಿಕೆ. ಆ ಹೆಸರಿಗೆ ತಕ್ಕಂತೆ ಇಲ್ಲಿ ಕಾರ್ಖಾನೆಗಳು ಬೆಳೆದವು. 1942ರಲ್ಲಿ ಸ್ಥಾಪಿತವಾದ ಆಲ್ವಿನ್ ಸಂಸ್ಥೆ ಅವುಗಳಲ್ಲಿ ಒಂದು. ಬಸ್ಸಿನ ಮೈಕಟ್ಟು, ಉಕ್ಕಿನ ಬೀರುಗಳ ಜೊತೆಗೆ ರೆಫ್ರಿಜರೇಟರುಗಳನ್ನೂ ಮಾಡಿ ಹೆಸರಾಗಿತ್ತು. ಆ ಸಂಸ್ಥೆ ಈಗಿಲ್ಲ. ಆದರೂ ಕೆನೆಯನ್ನು ತಣಿಸಲು ಬಾಗಿಲು ತೆರೆದಾಗಲೆಲ್ಲಾ ಹಳಬರಿಗೆ ಆ ಹೆಸರು ನೆನಪಾಗದಿರದು.

ಬೆಂದ ಕೇಕು ಸಂಪೂರ್ಣವಾಗಿ ಆರಬೇಕು. ಬಿಸಿಯ ಮೇಲೆ ಕೆನೆ ಹಚ್ಚಿದರೆ ಕೊಬ್ಬಿನ ಗೋಡೆ ಕರಗಿ ಹಾಲಾಗಿ ಹರಿಯುತ್ತದೆ. ಸಾಧ್ಯವಾದರೆ ಹಿಂದಿನ ರಾತ್ರಿಯೇ ಬೇಯಿಸಿಡುವುದು ಲೇಸು. ಹಳತಾದ ಕೇಕು ಪುಡಿಯಾಗದೆ ನೇರವಾಗಿ ಕತ್ತರಿಸಲು ಬರುತ್ತದೆ. ಉದ್ದವಾದ ಚಾಕುವಿನಿಂದ ಅಡ್ಡಲಾಗಿ ಕೊಯ್ದು ಮೂರು ಅಂತಸ್ತು ಮಾಡಬೇಕು. ಮೊದಲ ಅಂತಸ್ತಿಗೆ ರಸ ಚಿಮುಕಿಸಿ, ಕೆನೆ ಹಚ್ಚಿ, ಹೋಳುಗಳನ್ನು ಹರಡಿ, ಅವುಗಳ ಮೇಲೆ ಮತ್ತೆ ತೆಳುವಾಗಿ ಕೆನೆ ಸವರಿ ಎರಡನೆಯದನ್ನು ಇಡಬೇಕು. ಹೀಗೆಯೇ ಮೂರನೆಯದು. ಅನಂತರ ಸುತ್ತಲೂ ಒಂದು ತೆಳು ಲೇಪ. ಗೋಡೆಗೆ ಸುಣ್ಣ ಬಳಿಯುವಾಗ ಮೊದಲ ಕೈ ಇದ್ದಂತೆ ಇದು. ಉದುರುವ ಚೂರುಗಳೆಲ್ಲಾ ಇದರಲ್ಲಿ ಸಿಕ್ಕಿಕೊಳ್ಳುತ್ತವೆ. ಅರ್ಧ ಗಂಟೆ ತಂಪಿನಲ್ಲಿಟ್ಟು ಎರಡನೆಯ ಲೇಪ ಕೊಟ್ಟರೆ ಬೆಳ್ಳಗೆ ನುಣುಪಾಗಿ ನಿಲ್ಲುತ್ತದೆ.

ಅಲಂಕಾರದ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಕಡಮೆಯಾದಷ್ಟೂ ಚೆಲುವು. ಪೇಟೆಯ ಕೇಕುಗಳ ಮೇಲಿನ ನೀಲಿ ಹಸಿರು ಗುಲಾಬಿಗಳು ಕಣ್ಣಿಗೂ ಹಿತವಲ್ಲ, ನಾಲಗೆಗೂ ಅಲ್ಲ. ಉಳಿದ ಹಣ್ಣುಗಳನ್ನು ಉದ್ದಕ್ಕೆ ಸೀಳಿ, ತುದಿ ಹೊರಗಾಗುವಂತೆ ವೃತ್ತವೃತ್ತವಾಗಿ ಜೋಡಿಸಿದರೆ ತಾವರೆಯ ರೂಪ ತಾನಾಗಿಯೇ ಬರುತ್ತದೆ. ಅಂಗಳದಲ್ಲಿ ರಂಗೋಲಿ ಹಾಕಿ ಪಳಗಿದ ಕೈಗೆ ಇದು ಎಷ್ಟರ ಕೆಲಸ? ನಮ್ಮಲ್ಲಿ ಈ ಭಾಗವನ್ನು ಅಜ್ಜಿಯವರೇ ವಹಿಸಿಕೊಂಡರು. “ಇದರಾಗ ತತ್ತಿ ಇಲ್ಲ ಹೌದಲ್ಲೋ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಕೈ ಹಾಕಿದ್ದು. ಮೇಣದ ಬತ್ತಿಯನ್ನು ಮಾತ್ರ ಅವರು ಒಪ್ಪಲಿಲ್ಲ. ಹುಟ್ಟಿದ ದಿನ ದೀಪ ಹಚ್ಚುವುದುಂಟೇ ಹೊರತು ಊದಿ ಆರಿಸುವುದುಂಟೇ ಎಂದರು. ಕೇಕಿನ ಪಕ್ಕದಲ್ಲಿ ಎಣ್ಣೆಯ ದೀಪ ಉರಿಯಿತು, ಯಾರೂ ಊದಲಿಲ್ಲ.

ಹಣ್ಣನ್ನು ಜೋಡಿಸಿದ ಮೇಲೆ ನಾಲ್ಕೈದು ಗಂಟೆಗಳೊಳಗೆ ಕೇಕನ್ನು ಬಡಿಸುವುದು ಉತ್ತಮ. ಕತ್ತರಿಸುವ ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಪ್ರತಿ ತುಂಡಿಗೂ ಹಾಗೆಯೇ ಮಾಡಿದರೆ ಮೂರು ಅಂತಸ್ತುಗಳೂ ಕದಡದೆ ಕಾಣುತ್ತವೆ. ಉಳಿದುದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತಂಪಿನಲ್ಲಿಟ್ಟರೆ ಮರುದಿನದವರೆಗೆ ಚೆನ್ನಾಗಿರುತ್ತದೆ. ಆಗ ಹಣ್ಣಿನ ಹೊಳಪು ಮಂಕಾಗಿರುತ್ತದೆ ನಿಜ, ಆದರೆ ರಸ ಕೇಕಿನೊಳಗೆ ಇಳಿದಿರುತ್ತದೆ. ರುಚಿಯಲ್ಲಿ ಆ ಮರುದಿನದ ತುಂಡೇ ಮೇಲೆಂದು ವಾದಿಸುವವರು ನಮ್ಮ ಮನೆಯಲ್ಲಿಯೇ ಇಬ್ಬರಿದ್ದಾರೆ.