ಅಂಗೈಯ ದೂರವಾಣಿಗೊಂದು ಲೆಕ್ಕದ ಪುಟ

ಮಾರತ್ತಹಳ್ಳಿ ಇಂದು ಹೆಸರಿಗಷ್ಟೇ ಹಳ್ಳಿ. ಹೊರವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ರಿಯಾಯಿತಿ ದರದ ಸಿದ್ಧ ಉಡುಪಿನ ಮಳಿಗೆಗಳು; ಒಳಬೀದಿಗಳಲ್ಲಿ ಪರವೂರಿನಿಂದ ಬಂದ ಉದ್ಯೋಗಸ್ಥರ ಪೇಯಿಂಗ್ ಗೆಸ್ಟ್ ವಸತಿಗಳು. ಇಲ್ಲಿ ಅಂಗಿಯೊಂದಕ್ಕೆ ಐವತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಶಿ ಮಾಡುವ ಗೃಹಸ್ಥನನ್ನು, ಆತನ ಜೇಬಿನ ಮೊಬೈಲಿಗೆ ವರ್ಷಕ್ಕೆಷ್ಟು ಖರ್ಚೆಂದು ಕೇಳಿ ನೋಡಿ. ಥಟ್ಟನೆ ಉತ್ತರ ಬಾರದು. ಹಾಲಿನ ಲೆಕ್ಕ, ದಿನಸಿಯ ಲೆಕ್ಕ ಬರೆದಿಡುವ ಮನೆಗಳಲ್ಲಿಯೂ ಈ ಲೆಕ್ಕಕ್ಕೆ ಪುಟವಿಲ್ಲ.

ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಆಗ ಕರೆ ಮಾಡಿದವನಿಗಷ್ಟೇ ಅಲ್ಲ, ಸ್ವೀಕರಿಸಿದವನಿಗೂ ಶುಲ್ಕ ಬೀಳುತ್ತಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ‘ಮಿಸ್ಡ್ ಕಾಲ್’ ಎಂಬ ಉಪಾಯ ನಮ್ಮ ಜನರಿಗೆ ರೂಢಿಯಾಯಿತು. ಕಾಸು ಖರ್ಚಿಲ್ಲದೆ ‘ಕ್ಷೇಮವಾಗಿ ತಲಪಿದೆ’ ಎಂಬ ಸುದ್ದಿ ಮನೆ ಮುಟ್ಟುತ್ತಿತ್ತು. ಇಂದು ಹೆಚ್ಚಿನವರಿಗೆ ಮಾತಿಗೆ ನಿಮಿಷದ ಲೆಕ್ಕವಿಲ್ಲ. ಆದುದರಿಂದ ಮಿತವ್ಯಯದ ಜಾಣ್ಮೆಯೂ ಬೇರೆಡೆಗೆ ತಿರುಗಬೇಕಾಗಿದೆ.

ಯಂತ್ರದ ನಿಜವಾದ ಬೆಲೆ

ಯಂತ್ರದ ಬೆಲೆಯನ್ನು ಅಂಗಡಿಯ ಚೀಟಿಯಲ್ಲಿ ನೋಡಬಾರದು. ಅದು ಬಾಳುವ ತಿಂಗಳುಗಳಿಂದ ಭಾಗಿಸಿ ನೋಡಬೇಕು. 24,000 ರೂಪಾಯಿಯ ಫೋನನ್ನು ಎರಡು ವರ್ಷಕ್ಕೆ ಬದಲಾಯಿಸಿದರೆ ತಿಂಗಳಿಗೆ 1,000 ರೂಪಾಯಿ ಸವೆಯಿತು. ಅದಕ್ಕೇ 2,000 ರೂಪಾಯಿಯ ಹೊಸ ಬ್ಯಾಟರಿ ಹಾಕಿಸಿ ನಾಲ್ಕು ವರ್ಷ ಬಾಳಿಸಿದರೆ ತಿಂಗಳಿಗೆ 542ರಷ್ಟೇ. ಒಬ್ಬರಿಗೆ ವರ್ಷಕ್ಕೆ 5,500 ಉಳಿಯಿತು. ನಾಲ್ವರ ಸಂಸಾರಕ್ಕೆ 22,000. ಫೋನು ‘ಮುದಿಯಾಯಿತು’ ಎಂದು ತೋರುವಾಗ ಬಹಳ ಸಲ ಮುದಿಯಾಗಿರುವುದು ಬ್ಯಾಟರಿಯೊಂದೇ. ಆದರೆ ತಯಾರಕರು ಸುರಕ್ಷತೆಯ ಪರಿಷ್ಕರಣೆಗಳನ್ನು ನಿಲ್ಲಿಸಿದ ಮೇಲೆ ಅದರಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಕ್ಷೇಮವಲ್ಲ. ಆದ್ದರಿಂದ ಆ ಪರಿಷ್ಕರಣೆ ಎಷ್ಟು ವರ್ಷ ದೊರೆಯುವುದೆಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು.

‘ಬಡ್ಡಿಯಿಲ್ಲದ ಕಂತು’ ಎಂಬ ಫಲಕಕ್ಕೂ ಮರುಳಾಗಬೇಡಿ. ಶೂನ್ಯ ಬಡ್ಡಿಯೆಂಬ ಕಲ್ಪನೆಯೇ ಅವಾಸ್ತವವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಹೇಳಿದೆ. ಕ್ರೆಡಿಟ್ ಕಾರ್ಡಿನ ಕಂತಿನಲ್ಲಿ ಬಡ್ಡಿಯ ಮೊತ್ತವನ್ನು ಬೆಲೆಯಲ್ಲಿ ಕಳೆದು ತೋರಿಸಿದರೂ, ಆ ಬಡ್ಡಿಯ ಮೇಲೆ ಶೇಕಡ 18ರ ತೆರಿಗೆಯೂ ಹಲವೆಡೆ ಸಂಸ್ಕರಣಾ ಶುಲ್ಕವೂ ಕೊಳ್ಳುವವನ ತಲೆಗೇ ಬರುತ್ತವೆ. ಒಟ್ಟಿಗೆ ಹಣ ಕೊಟ್ಟರೆ ಎಷ್ಟು ಇಳಿಸುವಿರೆಂದು ಮೊದಲು ಕೇಳಿ.

ಬಳಸಿದ ಫೋನನ್ನು ಕೊಳ್ಳುವುದು ಅಗೌರವವೇನಲ್ಲ. ಕಳವಿನ ಮಾಲಾಗಿರಬಾರದು, ಅಷ್ಟೆ. *#06# ಒತ್ತಿದರೆ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಮುಂದೆ ಒಂದು ಸ್ಥಳ ಬಿಟ್ಟು ಅದನ್ನು ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಆ ಯಂತ್ರದ ಜಾತಕ ತಿಳಿಯುತ್ತದೆ.

ಪ್ರತಿವರ್ಷವೂ ಅಧಿಕಮಾಸ

ಪಂಚಾಂಗದಲ್ಲಿ ಅಧಿಕಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬರುವುದು. ರೀಚಾರ್ಜಿನ ಪಂಚಾಂಗದಲ್ಲಿ ಪ್ರತಿವರ್ಷವೂ ಬರುತ್ತದೆ! 28 ದಿನಗಳ ಯೋಜನೆ ಹನ್ನೆರಡು ಸಲ ಹಾಕಿಸಿದರೆ 336 ದಿನಗಳಾದವು. ಉಳಿದ 29 ದಿನಗಳಿಗೆ ಹದಿಮೂರನೆಯ ಸಲ ಹಣ ತೆರಬೇಕು. ಕನಿಷ್ಠ ಒಂದೊಂದಾದರೂ 30 ದಿನಗಳ ಯೋಜನೆ, ಹಾಗೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರಲ್ಲಿ ಆದೇಶಿಸಿದೆ. ದಿನದ ಲೆಕ್ಕದಲ್ಲಿ ಎಲ್ಲವನ್ನೂ ಹೋಲಿಸಿ ಆರಿಸಿಕೊಳ್ಳಿ.

ಅಂತರ್ಜಾಲದ ಗೊಡವೆಯೇ ಇಲ್ಲದ ಅಜ್ಜ-ಅಜ್ಜಿಯರ ಫೋನಿಗೆ ದಿನಕ್ಕೊಂದೂವರೆ ಜಿಬಿ ಡೇಟಾ ಏಕೆ? ಮಾತು ಮತ್ತು ಸಂದೇಶಗಳಿಗಷ್ಟೇ ಸೀಮಿತವಾದ ಯೋಜನೆಯನ್ನೂ ಕೊಡಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ತಂದಿತು. ಅದರ ಅವಧಿ 365 ದಿನಗಳವರೆಗೂ ಇರಬಹುದು. ಮನೆಯಲ್ಲಿಯೂ ಕಚೇರಿಯಲ್ಲಿಯೂ ವೈಫೈ ಇರುವವರು ದೊಡ್ಡ ಡೇಟಾ ಯೋಜನೆ ಕೊಳ್ಳುವುದು ಒಂದೇ ಹೊಟ್ಟೆಗೆ ಎರಡು ಎಲೆ ಹಾಕಿದಂತೆ.

ಎರಡನೆಯ ಸಂಖ್ಯೆಯ ಗಂಡಾಂತರ

ಊರಿನದೊಂದು, ಬೆಂಗಳೂರಿನದೊಂದು ಎಂದು ಎರಡು ಸಿಮ್ ಸಾಕುವವರು ಮಾರತ್ತಹಳ್ಳಿಯಂತಹ ಕಡೆ ಬಹಳ. 2015ರ ಜುಲೈಯಿಂದ ಹಳೆಯ ಸಂಖ್ಯೆಯನ್ನು ಉಳಿಸಿಕೊಂಡೇ ದೇಶದ ಯಾವ ವಲಯಕ್ಕಾದರೂ, ಯಾವ ಕಂಪನಿಗಾದರೂ ಬದಲಾಗಬಹುದು. ಆದ್ದರಿಂದ ಅನೇಕರಿಗೆ ಒಂದು ಸಂಖ್ಯೆಯೇ ಸಾಕು.

ಆದರೆ ಇನ್ನೊಂದನ್ನು ಸುಮ್ಮನೆ ಸಾಯಬಿಡುವುದು ಉಳಿತಾಯವಲ್ಲ. ಸ್ಥಗಿತವಾದ ಸಂಖ್ಯೆ ಕನಿಷ್ಠ 90 ದಿನಗಳು ಕಳೆದ ಬಳಿಕ ಬೇರೊಬ್ಬ ಅಪರಿಚಿತನ ಪಾಲಾಗಬಹುದು. ಬ್ಯಾಂಕು ಇನ್ನೂ ಆ ಸಂಖ್ಯೆಯನ್ನೇ ನಂಬಿದ್ದರೆ ನಿಮ್ಮ ಓಟಿಪಿ ಆತನ ಅಂಗೈಗೆ ಬೀಳುತ್ತದೆ! ತಿಂಗಳಿಗೆ ನೂರಿನ್ನೂರು ಉಳಿಸಹೋಗಿ ಜೀವಮಾನದ ಗಳಿಕೆಯನ್ನು ಪಣಕ್ಕಿಟ್ಟಂತಾದೀತು. ಬ್ಯಾಂಕು, ಆಧಾರ್, ವಿಮೆ, ಭವಿಷ್ಯನಿಧಿ ಇವುಗಳಲ್ಲೆಲ್ಲ ಸಂಖ್ಯೆ ಬದಲಾಯಿಸಿದ ಮೇಲೆಯೇ ಹಳೆಯದಕ್ಕೆ ವಿದಾಯ ಹೇಳಿ. ಊರಿನಲ್ಲಿರುವ ವೃದ್ಧ ತಂದೆತಾಯಿಯರ ಸಂಖ್ಯೆಗೆ ಪಿಂಚಣಿಯ ಖಾತೆ ಹೊಂದಿಕೊಂಡಿದ್ದರೆ ಅದರ ಅವಧಿ ಮುಗಿಯುವ ದಿನವನ್ನು ಮಕ್ಕಳು ತಮ್ಮ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕಿಡುವುದು ಲೇಸು.

ಮುಂದಿನ ರೀಚಾರ್ಜಿಗೆ ಮೊದಲು, ಒಂದು ಭಾನುವಾರ, ಮನೆಮಂದಿಯೆಲ್ಲ ಕುಳಿತು ಯಾರ ಸಂಖ್ಯೆ ಯಾವುದು, ಯಾವ ಯೋಜನೆ, ಯಾವ ಖಾತೆಗೆ ಜೋಡಣೆ ಎಂದು ಒಂದು ಪುಟದಲ್ಲಿ ಬರೆದಿಡಿ. ದಿನಸಿಯ ಲೆಕ್ಕದ ಪಕ್ಕದಲ್ಲಿ ಆ ಪುಟಕ್ಕೂ ಸ್ಥಳವಿರಲಿ.