ಆ ಸ್ವಿಚ್ಚು ಯಾತರದ್ದು?

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಎದ್ದು ನೋಡಿ ಬನ್ನಿ. ಬೋರ್ಡಿನಲ್ಲಿ ನಾಲ್ಕು ಸ್ವಿಚ್ಚು ಇರುತ್ತವೆ. ಒಂದು ಫ್ಯಾನಿನದು, ಒಂದು ಟ್ಯೂಬ್‌ಲೈಟಿನದು, ಒಂದು ದೇವರ ಮನೆಯ ದೀಪದ್ದು. ನಾಲ್ಕನೆಯದು? ಹಾಕಿದರೆ ಏನೂ ಹತ್ತುವುದಿಲ್ಲ, ಬಂದ್ ಮಾಡಿದರೆ ಏನೂ ಆರುವುದಿಲ್ಲ. ಯಾರಾದರೂ ಕೇಳಿದರೆ "ಅದು ಯಾತರದ್ದೂ ಅಲ್ರಿ, ಸುಮ್ನ ಐತಿ" ಎಂದು ಮಾತು ಮುಗಿಸುತ್ತೇವೆ. ನಾನೂ ಹನ್ನೊಂದು ವರ್ಷ ಹಾಗೇ ಹೇಳಿಕೊಂಡು ಬಂದವಳು.

ನಮ್ಮದು ಹಾನಗಲ್ಲಿನ ಹಳೆಯ ಮನೆ. ಕೆ.ಇ.ಬಿ. ಕಾಲದ ವೈರಿಂಗು. ಗೋಡೆಗೆ ಕಟ್ಟಿಗೆಯ ಪಟ್ಟಿ, ಅದರ ಮೇಲೆ ವೈರು, ಕಪ್ಪು ಗುಂಡು ಸ್ವಿಚ್ಚುಗಳು. ಮಾವನವರು ತೀರಿಕೊಂಡ ಮೇಲೆ 2012ರಲ್ಲಿ ಅಣ್ಣತಮ್ಮಂದಿರು ಮನೆ ಹಿಸ್ಸೆ ಮಾಡಿಕೊಂಡರು. ನಡುವೆ ಗೋಡೆ ಎದ್ದಿತು. ಮಾವನವರು ಮಲಗುತ್ತಿದ್ದ ಕೋಣೆ ನಮ್ಮ ಪಾಲಿಗೆ ಬಂತು, ಹಿತ್ತಲ ಬಚ್ಚಲು ಭಾವನವರ ಪಾಲಿಗೆ ಹೋಯಿತು. ಅತ್ತೆಯವರು ಅವರ ಕಡೆಯೇ ಉಳಿದರು. ಅವರು ಹೊಸ ಮೀಟರು ಹಾಕಿಸಿಕೊಂಡರು, ಹಳೆಯದು ನಮಗೆ ಉಳಿಯಿತು. ಹಿಸ್ಸೆಯ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದಿತ್ತು. ಆಮೇಲೆ ನನಗೂ ನನ್ನ ನೆಗೆಣ್ಣಿಗೂ ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುವಷ್ಟೇ ಬಳಕೆ.

ಆ ಸ್ವಿಚ್ಚು ಇದ್ದದ್ದು ಮಾವನವರ ಕೋಣೆಯ ಬಾಗಿಲ ಹಿಂದೆ. ರಾತ್ರಿ ಮಲಗುವ ಮುಂಚೆ ಎಲ್ಲ ಸ್ವಿಚ್ಚು ಬಂದ್ ಮಾಡುವುದು ನನ್ನ ರೂಢಿ. ಅದನ್ನೂ ಬಂದ್ ಮಾಡುತ್ತಿದ್ದೆ. ಹಗಲು ಮಗ ಆಡುತ್ತಾ ಹಾಕುತ್ತಿದ್ದ. ನಮಗೇನು, ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಗೋಡೆಯ ಆಚೆ ಮಾತ್ರ ಬಚ್ಚಲ ದೀಪ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಬಲ್ಬು ಬದಲಿಸಿದರು, ಹೋಲ್ಡರ್ ಬದಲಿಸಿದರು. ಕೊನೆಗೆ ಹಳೆ ವೈರು, ಮಳೆಗಾಲದ ತಂಪಿಗೆ ಹೀಗಾಗುತ್ತದೆ ಎಂದು ಕೈಬಿಟ್ಟರು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. 2022ರ ಶ್ರಾವಣದಲ್ಲಿ ಒಂದು ರಾತ್ರಿ ಅತ್ತೆ ಬಚ್ಚಲಿಗೆ ಹೋದಾಗ ದೀಪ ತಟ್ಟನೆ ಆರಿತು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಬಲ ಮುಂಗೈ ಎಲುಬು ಮುರಿದು ಆರು ವಾರ ಪ್ಲಾಸ್ಟರ್. ನಾನೂ ಓಡಿ ಹೋದೆ, ಗಂಜಿ ಮಾಡಿ ಕುಡಿಸಿದೆ. "ಹಾಳಾದ ದೀಪ" ಎಂದು ಎಲ್ಲರ ಜೊತೆ ನಾನೂ ಬೈದೆ.

ಮರುವರ್ಷ, 2023ರಲ್ಲಿ, ಗೃಹಜ್ಯೋತಿ ಯೋಜನೆ ಬಂತು. ಹಿಂದಿನ ವರ್ಷ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿದ್ದೆವೋ ಅದಕ್ಕೆ ಶೇಕಡಾ 10 ಸೇರಿಸಿ ಅಷ್ಟಕ್ಕೆ ಬಿಲ್ಲಿಲ್ಲ, 200 ಯೂನಿಟ್ ಮಾತ್ರ ದಾಟಬಾರದು ಎಂದು ಆಗಿನ ಲೆಕ್ಕ. ಅಲ್ಲಿಂದ ನನಗೆ ಮೀಟರು ನೋಡುವ ಚಟ ಹತ್ತಿತು. ಈಗಿನ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಲ್ಲ? ನಮ್ಮದರ ಮೇಲೆ 3200 ಎಂದು ಬರೆದಿದೆ. ಅಂದರೆ 3200 ಸಲ ಮಿನುಗಿದರೆ ಒಂದು ಯೂನಿಟ್.

ಒಂದು ದಿನ ಬೆಳಿಗ್ಗೆ ಫ್ರಿಜ್ ತೊಳೆಯಲೆಂದು ಪ್ಲಗ್ಗು ತೆಗೆದಿದ್ದೆ. ಮನೆಯಲ್ಲಿ ಬೇರೆ ಒಂದು ದೀಪವೂ ಹತ್ತಿರಲಿಲ್ಲ. ಆದರೂ ಮೀಟರು ಮಿನುಗುತ್ತಿತ್ತು! ಎಣಿಸಿದೆ, ಸುಮಾರು 19 ಸೆಕೆಂಡಿಗೆ ಒಂದು ಸಲ. ಮಗ ಲೆಕ್ಕ ಹಾಕಿ, "ಅವ್ವಾ, 60 ವ್ಯಾಟಿನ ಬಲ್ಬೊಂದು ಎಲ್ಲೋ ಉರ್ಯಾಕತ್ತೈತಿ" ಅಂದ. ಎಲ್ಲಿ? ಒಂದೊಂದೇ ಸ್ವಿಚ್ಚು ನೋಡುತ್ತಾ ಬಾಗಿಲ ಹಿಂದಿನದಕ್ಕೆ ಬಂದೆ. ಅದು ಹಾಕಿತ್ತು. ಬಂದ್ ಮಾಡಿದೆ.

ಗೋಡೆಯ ಆಚೆಯಿಂದ ನೆಗೆಣ್ಣಿಯ ದನಿ ಕೇಳಿತು: "ಮತ್ತ ಹೋತು ನೋಡ್ರಿ ಬಚ್ಚಲಾಗಿಂದು!"

ಮೀಟರು ಮಿನುಗುವುದು ನಿಂತಿತ್ತು. ನಾನು ಅಲ್ಲೇ ಕುಳಿತುಬಿಟ್ಟೆ. ಅತ್ತೆ ಬಿದ್ದ ರಾತ್ರಿ ಆ ದೀಪ ಆರಿಸಿದ ಕೈ ನನ್ನದೇ.

ಹೇಳದೆ ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನದವರೆಗೆ ತಳಮಳಿಸಿ, ಕೊನೆಗೆ ಆಚೆ ಮನೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದೆ. ನೆಗೆಣ್ಣಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಕಡೆ ದೀಪ ಆರಿದ ಕೂಡ್ಲೆ ನಮ್ಮದೂ ಆರತಿತ್ತು. ನೀನ ಬೇಕಂತ ಏನರ ಮಾಡ್ತೀಯೇನೋ ಅಂತ ಅನಿಸೂದು. ಕೇಳಾಕ ಮನಸ ಬರಲಿಲ್ಲ" ಅಂದಳು. ಅತ್ತೆ ಮೂಲೆಯಲ್ಲಿ ಕುಳಿತು ಕೇಳುತ್ತಿದ್ದರು. "ನಿಮ್ಮ ಮಾವ ಗುಡುಗು ಮಿಂಚು ಆತಂದ್ರ ಎದ್ದು ಬಾಗಲಾ ಹಿಂದ ಏನೋ ಬಂದ್ ಮಾಡತಿದ್ರು. ಹಿತ್ತಲ ಲೈನಿಂದು ಅಂತಿದ್ರು. ನನ್ನ ಯಾರು ಕೇಳಿದ್ರಿ?" ಎಂದರು.

ಅಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವೈರ್‌ಮನ್‌ನನ್ನು ಕರೆಸಿದಾಗ ಆತ ಹೇಳಿದ ಮಾತು ಈಗಲೂ ಮೈ ನಡುಗಿಸುತ್ತದೆ. ಬಚ್ಚಲ ಲೈನು ನಮ್ಮ ಹಳೆಯ ಮೀಟರಿನಲ್ಲೇ ಉಳಿದುಬಿಟ್ಟಿತ್ತು. ಭಾವನವರು ತಮ್ಮ ಮೇನ್ ಬಂದ್ ಮಾಡಿ, ಕರೆಂಟಿಲ್ಲ ಎಂಬ ಧೈರ್ಯದಲ್ಲಿ ಹೋಲ್ಡರ್ ಬಿಚ್ಚಿದ್ದರು. ಆದರೆ ಅದಕ್ಕೂ ಅವರ ಮೇನಿಗೂ ಸಂಬಂಧವೇ ಇರಲಿಲ್ಲ! ಆಗ ನಮ್ಮ ಸ್ವಿಚ್ಚು ಬಂದ್ ಇದ್ದದ್ದರಿಂದ ಬದುಕಿದರು. ಅದೇ ಗಳಿಗೆಯಲ್ಲಿ ನನ್ನ ಮಗ ಆಡುತ್ತಾ ಹಾಕಿದ್ದರೆ, ಒದ್ದೆ ನೆಲದ ಮೇಲೆ ನಿಂತವರ ಕೈಗೆ 230 ವೋಲ್ಟು.

ಆ ಲೈನನ್ನು ನಮ್ಮ ಕಡೆಯಿಂದ ಪೂರ್ತಿ ಕಡಿಸಿ ಅವರ ಮೀಟರಿಗೆ ಕೊಡಿಸಿದೆವು. ಹಳೆ ವೈರು, ಸ್ವಿಚ್ಚು ಎರಡನ್ನೂ ಕಿತ್ತು ಹಾಕಿಸಿದೆವು. ಕರೆಂಟು ಸೋರಿ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ತಾನೇ ಲೈನು ಕಡಿಯುವ ಆರ್‌ಸಿಸಿಬಿ ಎಂಬ ಉಪಕರಣವನ್ನು ಎರಡೂ ಮನೆಗೆ ಹಾಕಿಸಿದ್ದೇವೆ.

ನಿಮ್ಮ ಮನೆಯ ಸ್ವಿಚ್ಚು ಹುಡುಕುವುದು ಹೀಗೆ:

1. ಮೊದಲು ಮನೆಯ ಹಿರಿಯರನ್ನು ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರನ್ನು, ಹಿಸ್ಸೆಯ ಮನೆಯಾದರೆ ಆಚೆಯವರನ್ನು ಕೇಳಿ.

2. ಸ್ವಿಚ್ಚು ಹಾಕಿ ಒಬ್ಬರು ಅಲ್ಲೇ ನಿಲ್ಲಿ, ಇನ್ನೊಬ್ಬರು ಅಟ್ಟ, ಹಿತ್ತಲು, ದನದ ಕೊಟ್ಟಿಗೆ, ಮಾಳಿಗೆ ಎಲ್ಲ ಸುತ್ತಿ ಬನ್ನಿ. ಖಾಲಿ ಬಿದ್ದ ಪ್ಲಗ್ಗುಗಳಿಗೆ ಮೊಬೈಲ್ ಚಾರ್ಜರ್ ಚುಚ್ಚಿ ನೋಡಿ. ನೀರಿನ ಪಂಪು ಇರುವ ಮನೆಯಾದರೆ ಮೊದಲು ಅದರ ಮೇಲೆ ಕಣ್ಣಿಡಿ, ನೀರಿಲ್ಲದೆ ತಿರುಗಿದರೆ ಸುಟ್ಟೀತು.

3. ಫ್ರಿಜ್, ಇನ್ವರ್ಟರ್ ಸೇರಿ ಎಲ್ಲ ಬಂದ್ ಮಾಡಿ ಮೀಟರಿನ ಕೆಂಪು ದೀಪ ನೋಡಿ. 9 ವ್ಯಾಟಿನ ಎಲ್‌ಇಡಿ ಬಲ್ಬು ಉರಿಯುತ್ತಿದ್ದರೆ ಒಂದು ಮಿನುಗಿಗೆ ಎರಡು ನಿಮಿಷ ಕಾಯಬೇಕಾದೀತು, ಅವಸರ ಬೇಡ. ಮಿನುಗಲಿಲ್ಲ ಎಂದ ಮಾತ್ರಕ್ಕೆ ವೈರಿನಲ್ಲಿ ಕರೆಂಟಿಲ್ಲ ಎಂದು ತಿಳಿಯಬೇಡಿ. ತುದಿಗೆ ಏನೂ ಇಲ್ಲದ ಬರಿ ವೈರು ಮೀಟರು ಓಡಿಸುವುದಿಲ್ಲ, ಆದರೆ ಮುಟ್ಟಿದರೆ ಜೀವ ತೆಗೆದೀತು.

4. ಬೋರ್ಡು ನೀವು ಬಿಚ್ಚಬೇಡಿ. ಲೈಸೆನ್ಸ್ ಇರುವ ವೈರ್‌ಮನ್‌ನನ್ನೇ ಕರೆಸಿ. ಒಂದೇ ಮನೆ ಎರಡಾಗಿದ್ದರೆ ಎರಡೂ ಮೇನ್ ಬಂದ್ ಮಾಡಿಸಿ, ಟೆಸ್ಟರಿನಲ್ಲಿ ನೋಡಿದ ಮೇಲೇ ಕೈಹಾಕಲಿ.

5. ಗೊತ್ತಾದ ಮೇಲೆ ಸ್ವಿಚ್ಚಿನ ಪಕ್ಕದಲ್ಲಿ ಚೀಟಿ ಅಂಟಿಸಿ ಹೆಸರು ಬರೆಯಿರಿ. ಮಾವನವರು ಅದೊಂದು ಮಾಡಿದ್ದರೆ ಅತ್ತೆಯವರ ಕೈ ಉಳಿಯುತ್ತಿತ್ತು.

ಈಗ ನಮ್ಮ ಎರಡೂ ಮನೆಯ ಸ್ವಿಚ್ಚುಗಳಿಗೆ ಚೀಟಿ ಇವೆ. ನೆಗೆಣ್ಣಿಯ ಮನೆಯವನ್ನು ಬರೆದವಳು ನಾನೇ, ನನ್ನ ಅಕ್ಷರ ಚಂದ ಅಂತ ಅವಳೇ ಕರೆದಳು. ಬರೆದು ಮುಗಿಸುವಷ್ಟರಲ್ಲಿ ಚಹಾ ಆಗಿತ್ತು.